ಹೈ ಫ್ಯಾಟ್ ಡಯೆಟ್: 60 ಎಂದರೆ ಯಾವ 60?

‘ಹೈ ಫ್ಯಾಟ್ ಡಯೆಟ್ ತಿಂದ ಇಲಿಗಳಿಗೆ ಸಕ್ಕರೆ ಕಾಯಿಲೆ ಬಂತು, ಆದ್ದರಿಂದ ತುಪ್ಪ ಬಿಡಿ’ ಎನ್ನುವ ಬರಹಗಳಿಗೆ ಕೊನೆಯೇ ಇಲ್ಲ. ಪ್ರಯೋಗಾಲಯದಲ್ಲಿ ಈ ಹೆಸರು ಜಿಡ್ಡು ಜಾಸ್ತಿಯಾದ ಊಟಕ್ಕಲ್ಲ, ಗ್ರಾಂ ಲೆಕ್ಕದಲ್ಲಿ ಪಾಕ ನಿಗದಿಯಾದ ಮೇವಿಗೆ.

ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ರಿಸರ್ಚ್ ಡಯೆಟ್ಸ್ ಕಂಪನಿಯ ಡಿ12492. ಅದರ ಮೇಲಿನ ‘ಶೇ 60 ಕೊಬ್ಬು’ ಎಂಬುದು ತೂಕದ ಲೆಕ್ಕವಲ್ಲ, ಕ್ಯಾಲರಿಯ ಲೆಕ್ಕ. ಸುಮಾರು 774 ಗ್ರಾಂ ಮಿಶ್ರಣದಲ್ಲಿ 245 ಗ್ರಾಂ ಹಂದಿಯ ಕೊಬ್ಬು, 25 ಗ್ರಾಂ ಸೋಯಾ ಎಣ್ಣೆ. ತೂಕದಲ್ಲಿ ಇದು ಶೇ 35 ಮಾತ್ರ. ಆದರೆ ಕೊಬ್ಬಿನ ಪ್ರತಿ ಗ್ರಾಮಿಗೆ 9 ಕಿಲೋಕ್ಯಾಲರಿ, ಪಿಷ್ಟಕ್ಕೂ ಪ್ರೋಟೀನಿಗೂ 4. ಹಾಗಾಗಿ ಶಕ್ತಿಯ ಲೆಕ್ಕದಲ್ಲಿ ಅದೇ 35 ಬೆಳೆದು 60 ಆಗುತ್ತದೆ. ಯಾವ ಲೆಕ್ಕವೆಂದು ಹೇಳದೆ ಬರೀ ‘ಶೇ 60’ ಎಂದು ಬರೆದರೆ ಓದುಗರಿಗೆ ಏನೂ ತಿಳಿಯುವುದಿಲ್ಲ.

ಇದನ್ನೇ ನಮ್ಮ ತಟ್ಟೆಗೆ ತಂದು ನೋಡಿ. ದಿನಕ್ಕೆ 2000 ಕಿಲೋಕ್ಯಾಲರಿ ಉಣ್ಣುವವರು ಈ ಇಲಿಯಷ್ಟು ಕೊಬ್ಬು ತಿನ್ನಬೇಕಾದರೆ ದಿನವೂ 133 ಗ್ರಾಂ ಬೇಕು. ಅನ್ನದ ಮೇಲಿನ ಒಂದು ಚಮಚ ತುಪ್ಪದ ಬಗ್ಗೆ ಈ ಪ್ರಯೋಗ ಏನನ್ನೂ ಹೇಳುವುದಿಲ್ಲ.

ಇದಕ್ಕಿಂತ ದೊಡ್ಡ ಗೊಂದಲ ಹೋಲಿಕೆಯ ಗುಂಪಿನದು, ಪರಿಣತರೂ ಎಡವುವುದು ಇಲ್ಲೇ. ಒಂದು ಗುಂಪಿಗೆ ಡಿ12492, ಇನ್ನೊಂದಕ್ಕೆ ‘ಚೌ’ ಎಂಬ ಮಾಮೂಲಿ ಮೇವು. ಚೌ ಅಂದರೆ ಗೋಧಿ, ಮೆಕ್ಕೆಜೋಳ, ಸೋಯಾ ಹಿಂಡಿ. ನಾರು ಹೆಚ್ಚು, ಸೋಯಾದ ಈಸ್ಟ್ರೋಜನ್‌ನಂಥ ಅಂಶಗಳೂ ಉಂಟು, ತಯಾರಿಯಿಂದ ತಯಾರಿಗೆ ಪಾಕ ಬದಲಾಗುತ್ತದೆ. ಡಿ12492ರಲ್ಲಿ ಪ್ರೋಟೀನು ಹಾಲಿನಿಂದ ತೆಗೆದ ಶುದ್ಧ ಕೇಸೀನ್, ನಾರು ಬರೀ ಸೆಲ್ಯುಲೋಸ್. ಕರುಳಿನ ಬ್ಯಾಕ್ಟೀರಿಯಾ ಬದಲಾದರೆ ಕಾರಣ ಕೊಬ್ಬೋ, ನಾರಿನ ಕೊರತೆಯೋ? ಇಂಥ ಪ್ರಯೋಗದಿಂದ ಉತ್ತರ ಸಿಗದು. ಸರಿಯಾದ ಜೋಡಿ ಡಿ12450ಜೆ: ಅದೇ ಸಾಮಗ್ರಿ, ಕೊಬ್ಬಿನಿಂದ ಶೇ 10 ಕ್ಯಾಲರಿ, ಸಕ್ಕರೆಯೂ ಸಮ, ಎರಡರಲ್ಲೂ ಶೇ 7 ಕ್ಯಾಲರಿ. ಹೆಸರಿನಲ್ಲಿ ಒಂದಕ್ಷರ ತಪ್ಪಿ ಡಿ12450ಬಿ ತರಿಸಿದರೆ ಸಕ್ಕರೆಯ ಪಾಲು ಶೇ 35ಕ್ಕೆ ಏರುತ್ತದೆ. ಆಗ ಅಳೆಯುತ್ತಿರುವುದು ಕೊಬ್ಬು ಮತ್ತು ಸಕ್ಕರೆಯ ನಡುವಿನ ವ್ಯತ್ಯಾಸವನ್ನು.

ಇನ್ನು ‘ಮಧುಮೇಹದ ಇಲಿ’. ಪ್ರಯೋಗಾಲಯದ ಸಾಮಾನ್ಯ ತಳಿಯಾದ ಸಿ57ಬಿಎಲ್/6ಜೆಯ ಆರು ವಾರದ ಗಂಡು ಇಲಿಗಳಿಗೆ 12ರಿಂದ 16 ವಾರ ಈ ಮೇವು ಕೊಟ್ಟರೆ ಬೊಜ್ಜು ಬರುತ್ತದೆ, ಇನ್ಸುಲಿನ್ ಏರುತ್ತದೆ, ರಕ್ತದ ಸಕ್ಕರೆ ಒಂದಿಷ್ಟು ಹೆಚ್ಚುತ್ತದೆ. ಬಹುಪಾಲು ಇಲಿಗಳು ಅಲ್ಲೇ ನಿಲ್ಲುತ್ತವೆ. ಅದಕ್ಕೆ ಮಧುಮೇಹ ಎನ್ನದೆ ಇನ್ಸುಲಿನ್ ಪ್ರತಿರೋಧ, ಅಂದರೆ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದ ಸ್ಥಿತಿ, ಎನ್ನಬೇಕು. ಹೆಣ್ಣಿಲಿಗಳಲ್ಲಿ ತೂಕ ನಿಧಾನವಾಗಿ ಏರುತ್ತದೆ. ಒಬಿ/ಒಬಿ ಇಲಿಯ ಕಥೆ ಪೂರ್ತಿ ಬೇರೆ. ಅದರಲ್ಲಿ ಹಸಿವನ್ನು ಹತೋಟಿಯಲ್ಲಿಡುವ ಲೆಪ್ಟಿನ್ ಹಾರ್ಮೋನಿನ ಜೀನ್ ಕೆಟ್ಟಿರುತ್ತದೆ, ಬರೀ ಚೌ ತಿಂದೇ ಉಬ್ಬುತ್ತದೆ. ಜೆಫ್ರಿ ಫ್ರೀಡ್‌ಮನ್ ತಂಡ ಆ ಜೀನ್ ಪತ್ತೆ ಮಾಡಿದ್ದು 1994ರಲ್ಲಿ. ಮನುಷ್ಯರಲ್ಲಿ ಈ ದೋಷ ತೀರಾ ವಿರಳ. ಆ ಇಲಿಯ ಫೋಟೋ ಹಾಕಿ ‘ಜಂಕ್ ಫುಡ್‌ನ ಫಲ’ ಎನ್ನುವುದು ಶುದ್ಧ ತಪ್ಪು.

ಅಳತೆಯಲ್ಲೂ ಎಚ್ಚರ ಬೇಕು. ಕೊಬ್ಬು ಹೆಚ್ಚಿರುವ ಈ ಮೇವಿನ ಉಂಡೆ ಮೆತ್ತಗಿದ್ದು ಪುಡಿಯಾಗಿ ಪಂಜರದ ಹಾಸಿಗೆ ಬೀಳುತ್ತದೆ. ಆ ಪುಡಿ ಆರಿಸಿ ತೂಗದಿದ್ದರೆ ಇಲಿ ತಿಂದದ್ದಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಹೊರಗೆ ಬಿಟ್ಟರೆ ಕಮಟು ಹಿಡಿಯುತ್ತದೆ, ಇಲಿ ಮೂಸಿ ಬಿಡುತ್ತದೆ. ಗ್ಲೂಕೋಸ್ ಕೊಟ್ಟು ರಕ್ತದ ಸಕ್ಕರೆ ಎಷ್ಟು ಬೇಗ ಇಳಿಯುತ್ತದೆಂದು ನೋಡುವ ಪರೀಕ್ಷೆಗೆ ರಾತ್ರಿಯಿಡೀ ಉಪವಾಸ ಹಾಕುವುದು ಬೇಡ. ಇಲಿ ತಿನ್ನುವುದೇ ರಾತ್ರಿ, ಅಷ್ಟು ಹೊತ್ತಿಗೆ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಬರಿದಾಗಿರುತ್ತದೆ. ಬೆಳಗಿನಿಂದ ಆರು ಗಂಟೆ ಸಾಕು. ಪ್ರತಿ ಕಿಲೋ ದೇಹತೂಕಕ್ಕೆ 2 ಗ್ರಾಂ ಗ್ಲೂಕೋಸ್ ಎಂಬ ರೂಢಿಯಂತೆ ಹೋದರೆ 28 ಗ್ರಾಂ ಇಲಿಗೆ 56 ಮಿಲಿಗ್ರಾಂ, 45 ಗ್ರಾಂ ಇಲಿಗೆ 90 ಮಿಲಿಗ್ರಾಂ. ಹೆಚ್ಚಾದ ತೂಕ ಬಹುಪಾಲು ಕೊಬ್ಬು, ಗ್ಲೂಕೋಸನ್ನು ಹೆಚ್ಚು ಹೀರುವುದು ಸ್ನಾಯು. ಸ್ನಾಯು ಅಷ್ಟೇನೂ ಹೆಚ್ಚದೆ ಗ್ಲೂಕೋಸ್ ಮಾತ್ರ ಹೆಚ್ಚು ಸಿಗುವುದರಿಂದ ದಪ್ಪ ಇಲಿ ಹೋಲಿಕೆಗೆ ಮುಂಚೆಯೇ ಸೋತಿರುತ್ತದೆ. ಕೊಬ್ಬು ಕಳೆದು ಉಳಿದ ತೂಕವನ್ನು ಡೆಕ್ಸಾ ಎಂಬ ಎಕ್ಸ್-ರೇ ಸ್ಕ್ಯಾನ್‌ನಲ್ಲಿ ಅಳೆದು, ಅದರ ಮೇಲೆ ಪ್ರಮಾಣ ನಿಗದಿ ಮಾಡುವುದು ಸರಿ.