ಮೊದಲು ಏನು ಕೆಲಸ ಮಾಡ್ತಿದ್ರಿ?

"ಉಷ್ಣ ಆಗಿದೆ ಅಂತ ಎಳನೀರು ಕುಡಿದೆ ಸಾರ್, ನಿಂತುಹೋಯ್ತು." ಮೂತ್ರದಲ್ಲಿ ರಕ್ತ ಹೋದ ಹಿರಿಯರು ನನ್ನ ಹತ್ತಿರ ಹೇಳುವ ಮಾತಿದು. ನಿಜ, ನಿಲ್ಲುತ್ತದೆ. ಆದರೆ ಎಳನೀರಿನಿಂದಲ್ಲ. ಮೂತ್ರಕೋಶದ ಕ್ಯಾನ್ಸರ್ ಹೆಚ್ಚಾಗಿ ಹೀಗೇ ಶುರುವಾಗುತ್ತದೆ. ನೋವಿಲ್ಲದೆ ಒಂದೆರಡು ದಿನ ರಕ್ತ ಹೋಗಿ ಸುಮ್ಮನಾಗುತ್ತದೆ.

ಇತ್ತೀಚೆಗೆ ಬಂದವರಿಗೆ 63 ವರ್ಷ. ಚೀಟಿಯಲ್ಲಿ ಉದ್ಯೋಗ 'ನಿವೃತ್ತ' ಅಂತಿತ್ತು. ಬೀಡಿ ಅಭ್ಯಾಸವಿತ್ತು. "ಎಷ್ಟು ಹೇಳಿದ್ರೂ ಬಿಡಲಿಲ್ಲ" ಅಂತ ಮಗ ಸಿಟ್ಟಾದ. ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಮೊದಲು ಏನು ಕೆಲಸ ಮಾಡ್ತಿದ್ರಿ ಅಂತ ಕೇಳಿದೆ. ನೂಲಿಗೆ ಬಣ್ಣ ಹಾಕುವ ಕೆಲಸ, 22 ವರ್ಷ. ಪುಡಿಯನ್ನು ಬರಿಗೈಯಲ್ಲೇ ಕಲಸುತ್ತಿದ್ದರಂತೆ. "ಸ್ನಾನ ಮಾಡಿದ್ರೆ ಬಚ್ಚಲ ನೀರೂ ಕೆಂಪಗಾಗೋದು ಸಾರ್."

1895ರಲ್ಲೇ ಜರ್ಮನಿಯ ಸರ್ಜನ್ ಲುಡ್ವಿಗ್ ರೇನ್ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗಡ್ಡೆಗಳನ್ನು ಗುರುತಿಸಿದ್ದರು. ಬಣ್ಣ ತಯಾರಿಸಲು ಬಳಸುತ್ತಿದ್ದ ಬೆಂಜಿಡಿನ್‌ನಂಥ ರಾಸಾಯನಿಕ ಚರ್ಮದಿಂದ, ಉಸಿರಿನಿಂದ ಒಳಗೆ ಹೋಗುತ್ತದೆ. ಕಿಡ್ನಿ ಅದನ್ನು ಸೋಸಿ ಮೂತ್ರಕ್ಕೆ ಬಿಡುತ್ತದೆ. ಆ ಮೂತ್ರ ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಂತಿರುತ್ತದಲ್ವಾ, ಪೆಟ್ಟು ಬೀಳುವುದು ಅಲ್ಲಿನ ಒಳಪದರಕ್ಕೆ. ಗಡ್ಡೆ ಕಾಣಿಸಿಕೊಳ್ಳಲು 20 ವರ್ಷ ಹಿಡಿಯಬಹುದು, ಇನ್ನೂ ಜಾಸ್ತಿಯೂ ಆಗಬಹುದು. ಬೆಂಜಿಡಿನ್ ಬಣ್ಣಗಳಿಗೆ ನಮ್ಮಲ್ಲಿ ನಿಷೇಧ ಬಂದಿದ್ದು 1990ರ ದಶಕದಲ್ಲಿ. ಅದಕ್ಕೂ ಮುಂಚೆ ಅದರಲ್ಲಿ ಕೈಯಾಡಿಸಿದವರಲ್ಲಿ ಎಷ್ಟೋ ಜನ ಈಗ 60 ದಾಟಿದ್ದಾರೆ. ಪೇಂಟರ್‌ಗಳಿಗೆ, ರಬ್ಬರ್ ಕಾರ್ಖಾನೆಯಲ್ಲಿ ದುಡಿದವರಿಗೂ ಈ ಅಪಾಯ ಇದೆ.

ಬೀಡಿಯ ಪಾಲೂ ಇದೆ, ಅದು ದೊಡ್ಡ ಕಾರಣವೇ. ಬಿಡಲೇಬೇಕು. ಆದರೆ ಪೂರ್ತಿ ತಪ್ಪನ್ನು ಆ ಮನುಷ್ಯನ ತಲೆಗೆ ಕಟ್ಟುವುದು ಅನ್ಯಾಯ. ಮಗನಿಗೆ ಇದನ್ನೇ ಬಿಡಿಸಿ ಹೇಳಿದೆ.

ಬೇಗ ಬಂದರೆ ಚಿಕಿತ್ಸೆ ಚೆನ್ನಾಗಿದೆ. ಮೂತ್ರದ ದಾರಿಯಲ್ಲೇ ಸಣ್ಣ ದುರ್ಬೀನು ಹಾಕಿ ಗಡ್ಡೆ ತೆಗೆಯುತ್ತೇವೆ, ಹೊಟ್ಟೆ ಕೊಯ್ಯುವುದಿಲ್ಲ. ಮತ್ತೆ ಬರುವ ಭಯ ಜಾಸ್ತಿ ಇದ್ದರೆ ಮೂತ್ರಕೋಶದೊಳಗೆ ಬಿಸಿಜಿ ಬಿಡುತ್ತೇವೆ. ಹೌದು, ಕೂಸುಗಳಿಗೆ ಕ್ಷಯ ಬಾರದಿರಲೆಂದು ಕೊಡುವ ಅದೇ ಬಿಸಿಜಿ. ಆಮೇಲೆ ವರ್ಷಗಟ್ಟಲೆ ತಪಾಸಣೆಗೆ ಬರುತ್ತಿರಬೇಕು. ಈ ಗಡ್ಡೆ ಮರಳಿ ಬರುವ ಜಾತಿಯದು.

ಇನ್ನೊಂದು ಮಾತು. ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿಯಲ್ಲಿ ಕಾನೂನು ಮೂತ್ರಕೋಶದ ಕ್ಯಾನ್ಸರನ್ನೂ ಸೇರಿಸಿದೆ. ಪರಿಹಾರ ಸುಲಭಕ್ಕೆ ಸಿಗುವುದಿಲ್ಲ, ಆದರೂ ಕೇಳುವ ಹಕ್ಕಿದೆ. ಹಳೆಯ ಇಎಸ್‌ಐ ಕಾರ್ಡು, ಪಿಎಫ್ ಚೀಟಿ, ಸಂಬಳದ ರಸೀದಿ ಏನಿದ್ದರೂ ಎಸೆಯಬೇಡಿ. ಯಾವ ವಿಭಾಗ, ಎಷ್ಟು ವರ್ಷ, ಕೈಗೆ ಏನು ತಾಗುತ್ತಿತ್ತು ಅಂತ ನಿಮ್ಮ ಫೈಲಿನಲ್ಲಿ ಬರೆಯಲು ಡಾಕ್ಟರಿಗೆ ಹೇಳಿ.

ಜೊತೆಗೆ ಕೆಲಸ ಮಾಡಿದವರ ಹೆಸರು ನೆನಪಿದೆಯಾ ಅಂತ ಆ 63 ವರ್ಷದವರನ್ನು ಕೇಳಿದ್ದೆ. ಮುಂದಿನ ಸಲ ಕ್ಯಾಲೆಂಡರ್ ಹಾಳೆಯ ಹಿಂದೆ ಆರು ಹೆಸರು ಬರೆದು ತಂದರು. ಅವರಲ್ಲೊಬ್ಬರನ್ನು ಜೊತೆಗೇ ಕರೆತಂದಿದ್ದರು. ಆತನಿಗೆ ರಕ್ತ ಕಾಣಿಸಿ ಆಗಲೇ ಎಂಟು ತಿಂಗಳಾಗಿತ್ತು.