ಖಾಲಿ ಮಾಡಿಸಿದ್ರಾ, ನೀವೇ ಬಿಟ್ರಾ?

‘ನಿಮ್ಮನ್ನು ಯಾರಾದರೂ ಮನೆ ಖಾಲಿ ಮಾಡಿಸಿದ್ದಾರಾ?’ ಅಂತ ನೇರವಾಗಿ ಕೇಳಿದರೆ ಬಾಡಿಗೆಯವರು ಎಷ್ಟೋ ಸಲ ‘ಇಲ್ಲಪ್ಪ’ ಅನ್ನುತ್ತಾರೆ. ಅದು ಸುಳ್ಳಲ್ಲ. ಕೋರ್ಟು, ಪೊಲೀಸು ಬಂದರೆ ಮಾತ್ರ ಖಾಲಿ ಮಾಡಿಸಿದ ಹಾಗೆ ಅಂತ ಅವರ ಲೆಕ್ಕ. ಓನರೇ ಅವರ ಕೈಗೆ ಒಂದಿಷ್ಟು ದುಡ್ಡು ಕೊಟ್ಟು ‘ಈ ವಾರವೇ ಹೊರಡಿ’ ಅಂದಿದ್ದರೆ, ಅದು ‘ನಾವೇ ಬಿಟ್ಟಿದ್ದು’.

ಅಮೆರಿಕದ ಮಿಲ್ವಾಕಿ ನಗರದಲ್ಲಿ ಈ ತೊಡಕಿಗೆ ಕೈಹಾಕಿದವರು ಮ್ಯಾಥ್ಯೂ ಡೆಸ್ಮಂಡ್. ಆಗ ಅವರು ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದರು. 2008ರ ಮೇ ತಿಂಗಳಲ್ಲಿ ನಗರದ ದಕ್ಷಿಣಕ್ಕಿರುವ ಟ್ರೇಲರ್ ಪಾರ್ಕಿಗೆ ಬಾಡಿಗೆಗೆ ಹೋದರು. ಟ್ರೇಲರ್ ಅಂದರೆ ಗಾಡಿಗೆ ಕಟ್ಟಿ ಎಳೆದು ತಂದು ನಿಲ್ಲಿಸಿದ, ಉದ್ದ ಡಬ್ಬದಂಥ ಮನೆ. ಅಲ್ಲಿ ಬಡ ಬಿಳಿಯರೇ ಜಾಸ್ತಿ. ಆಮೇಲೆ ಉತ್ತರದ ಕಪ್ಪು ಜನರ ಬಡಾವಣೆಯಲ್ಲಿ ಒಂದು ರೂಮು ಹಿಡಿದರು.

ಆಗ ಅಲ್ಲಿ ಕೋರ್ಟಿನ ಆದೇಶವಾದರೆ ಷೆರೀಫನ (ಅಲ್ಲಿನ ಪೊಲೀಸ್ ಅಧಿಕಾರಿ) ಕಡೆಯವರು ಬರುತ್ತಿದ್ದರು, ಜೊತೆಗೆ ಸಾಮಾನು ಹೊರುವವರು. ಒಂದೇ ಪ್ರಶ್ನೆ: ಟ್ರಕ್ಕೋ, ಬೀದಿಯೋ? ಟ್ರಕ್ಕು ಅಂದರೆ ಸಾಮಾನು ಗೋದಾಮಿಗೆ ಹೋಗುತ್ತಿತ್ತು, ಬಿಡಿಸಿಕೊಳ್ಳಲು ದುಡ್ಡು ಕಟ್ಟಬೇಕಿತ್ತು. ಬೀದಿ ಅಂದರೆ ಹಾಸಿಗೆ, ಟಿವಿ, ಪಾತ್ರೆ, ಮಕ್ಕಳ ಬಟ್ಟೆ ಎಲ್ಲ ಫುಟ್‌ಪಾತಿನ ಮೇಲೆ ರಾಶಿ.

ಆದರೆ ಹೀಗೆ ಕಣ್ಣಿಗೆ ಬೀಳುವುದು ಸ್ವಲ್ಪವೇ. ಅದಕ್ಕೇ 2009ರಿಂದ 2011ರವರೆಗೆ ಸುಮಾರು 1,100 ಬಾಡಿಗೆ ಮನೆಗಳಲ್ಲಿ ಸಮೀಕ್ಷೆ ಮಾಡಿಸಿದರು. ಹಿಂದಿನ ಮನೆಗಳನ್ನು ಒಂದೊಂದಾಗಿ ಎತ್ತಿಕೊಂಡು, ಯಾಕೆ ಬಿಟ್ಟಿರಿ ಅಂತ ಬಿಡಿಸಿ ಕೇಳಿದರು. ಎರಡು ವರ್ಷದಲ್ಲಿ ಎಂಟರಲ್ಲಿ ಒಬ್ಬರಿಗೆ ಬಲವಂತವಾಗಿ ಮನೆ ಬಿಡಬೇಕಾಗಿ ಬಂದಿತ್ತು. ಅದರಲ್ಲಿ ಕೋರ್ಟಿನ ಮೂಲಕ ಆದದ್ದು ಸುಮಾರು ಕಾಲು ಭಾಗ ಅಷ್ಟೆ. ಅರ್ಧದಷ್ಟು ಬಾಯಿಮಾತಿನಲ್ಲೇ ಮುಗಿದಿತ್ತು. (‘ಮಗನ ಮದುವೆ, ಮನೆ ಬೇಕು’ ಅನ್ನುವ ನಮ್ಮ ಓನರುಗಳು ನೆನಪಾದರಾ?) ಮುಂಬಾಗಿಲನ್ನೇ ಬಿಚ್ಚಿಕೊಂಡು ಹೋದ ಓನರುಗಳೂ ಅಲ್ಲಿದ್ದರು.

ಕೆಲಸ ಹೋಗಿ ಬಾಡಿಗೆ ನಿಂತಿತು, ಅದಕ್ಕೇ ಮನೆ ಹೋಯಿತು ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ ಅಲ್ವಾ? ಎಲ್ಲ ರೀತಿಯಲ್ಲೂ ಒಂದೇ ತರಹದ ಬಾಡಿಗೆದಾರರಲ್ಲಿ ಮನೆ ಹೋದವರನ್ನೂ ಉಳಿದವರನ್ನೂ ಹೋಲಿಸಿ ನೋಡಿದರೆ ಕಥೆ ತಿರುಗಾಮುರುಗಾ ಕೂಡ ಆಗುತ್ತದೆ: ಮನೆ ಹೋದವರಿಗೆ ಆಮೇಲೆ ಕೆಲಸ ಹೋಗುವ ಸಂಭವ ಜಾಸ್ತಿ. ಮನೆ ಹುಡುಕಲು ರಜೆ, ನಿದ್ದೆಗೆಟ್ಟ ತಲೆ, ದೂರದ ಬಸ್ಸು, ಇಷ್ಟು ಸಾಕಲ್ಲ.

ಇನ್ನು ಬಾಡಿಗೆ. 2010ರ ಹೊತ್ತಿಗೆ ನಗರದಲ್ಲಿ ಎರಡು ಬೆಡ್‌ರೂಮಿನ ಮನೆಗೆ ನಡುಮಟ್ಟದ ಬಾಡಿಗೆ 600 ಡಾಲರ್. ಅತಿ ಬಡ ಬಡಾವಣೆಗಳಲ್ಲಿ ಅದಕ್ಕಿಂತ 50 ಡಾಲರ್ ಮಾತ್ರ ಕಡಿಮೆ. ಅಂದರೆ ಬಡವರಿಗೆ ಅಗ್ಗದ ಮನೆ ಅನ್ನೋದೇ ಇರಲಿಲ್ಲ.

ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳಲಿಲ್ಲ. ಮಿಲ್ವಾಕಿಯ ಜನಸಂಖ್ಯೆಯಲ್ಲಿ ಕಪ್ಪು ಜನರ ಬಡಾವಣೆಗಳ ಹೆಂಗಸರು ಶೇ. 9, ಕೋರ್ಟಿನಿಂದ ಮನೆ ಕಳೆದುಕೊಂಡವರಲ್ಲಿ ಶೇ. 30. ಕಾರಣಗಳು ಹಲವು. ಒಂದು ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. ಒಂದೇ ಮನೆಯಿಂದ ಪದೇಪದೇ 911ಕ್ಕೆ (ಅಲ್ಲಿನ ತುರ್ತು ನಂಬರು) ಕರೆ ಹೋದರೆ ಪೊಲೀಸರು ಓನರಿಗೆ ನೋಟಿಸು ಕಳಿಸುತ್ತಿದ್ದರು. 2008 ಮತ್ತು 2009ರ ನೋಟಿಸುಗಳನ್ನು ತೆಗೆದು ನೋಡಿದರೆ ಸುಮಾರು ಮೂರರಲ್ಲಿ ಒಂದು, ಮನೆಯೊಳಗಿನ ಹೊಡೆತ ಬಡಿತದ್ದು. ಬಹುಪಾಲು ಓನರುಗಳು ಹುಡುಕಿಕೊಂಡ ಪರಿಹಾರ ಒಂದೇ, ಹೊಡೆಸಿಕೊಂಡವಳನ್ನೇ ಖಾಲಿ ಮಾಡಿಸುವುದು, ಇಲ್ಲವೇ ಖಾಲಿ ಮಾಡಿಸುತ್ತೇನೆ ಅಂತ ಹೆದರಿಸುವುದು. ಮುಂದಿನ ಸಲ ಗಂಡ ಕೈ ಎತ್ತಿದಾಗ ಅವಳು ಫೋನು ತೆಗೆಯಬೇಕೋ ಬೇಡವೋ?