ಬೀದಿ ರಸ್ತೆಯಾದ ಬಗೆ

ರಸ್ತೆ ಅಗಲೀಕರಣದ ಮೊದಲ ಗುರುತು ಕಾಂಪೌಂಡ್ ಗೋಡೆಯ ಮೇಲೆ ಬೀಳುತ್ತದೆ. ಅಳತೆಪಟ್ಟಿ ಹಿಡಿದ ಇಬ್ಬರು ಬಂದು ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲಿ ಒಂದು ಸಂಖ್ಯೆ ಬರೆದು ಹೋಗುತ್ತಾರೆ. ಮರದ ಕಾಂಡದ ಮೇಲೂ ಅಂಥದ್ದೇ ಸಂಖ್ಯೆ ಕಾಣಿಸಿಕೊಳ್ಳುತ್ತದೆ. ಜೆಸಿಬಿ ಬರುವುದು ತಿಂಗಳುಗಳ ಬಳಿಕ. ಅಷ್ಟರಲ್ಲಿ ಧೂಳು, ಪರಿಹಾರ, ಮರ, ಚರಂಡಿ, ವಾಹನ ನಿಲುಗಡೆ ಎಲ್ಲವೂ ಒಂದೇ ಜಗಳದಲ್ಲಿ ಕಲೆಸಿಹೋಗಿ, ಯಾರು ಯಾವುದನ್ನು ವಿರೋಧಿಸುತ್ತಿದ್ದಾರೆ ಎಂಬುದೇ ತಿಳಿಯದಂತಾಗುತ್ತದೆ. ಈ ಗೋಜಲನ್ನು ಬಿಡಿಸಬೇಕಾದರೆ, ಮನೆಯ ಮುಂದಿನ ಬೀದಿಯು ವಾಹನಗಳ ರಸ್ತೆಯಾಗಿ ಮಾರ್ಪಟ್ಟದ್ದು ಹೇಗೆಂದು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಶತಮಾನಗಳ ಕಾಲ ಬೀದಿಯೆಂದರೆ ಮನೆಯಂಗಳದ ಮುಂದುವರಿಕೆಯಾಗಿತ್ತು. ಪ್ಯಾರಿಸ್‌ನಲ್ಲಿ 1853ರಿಂದ 1870ರ ನಡುವೆ ಹಳೆಯ ಕೇರಿಗಳನ್ನು ಸೀಳಿ ನೇರವಾದ ಅಗಲ ರಸ್ತೆಗಳನ್ನು ತೆರೆದದ್ದು, ರಸ್ತೆಗಾಗಿ ಮನೆಗಳು ಸರಿಯಬೇಕೆಂಬ ವಿಚಾರಕ್ಕೆ ದೊಡ್ಡ ಮಾದರಿಯಾಯಿತು. ಮೋಟಾರು ವಾಹನಗಳು ಬಂದ ಮೇಲೆ ಅವುಗಳ ಚಕ್ರಗಳು ಜಲ್ಲಿ ರಸ್ತೆಯ ಸಣ್ಣ ಪುಡಿಯನ್ನು ಎಬ್ಬಿಸಿ ಮನೆಗಳಿಗೆ ತುಂಬತೊಡಗಿದವು. ಆ ಧೂಳನ್ನು ಅಡಗಿಸುವುದೂ ಜಲ್ಲಿಗೆ ಟಾರು ಬೆರೆಸಿದ್ದರ ಒಂದು ಮುಖ್ಯ ಉದ್ದೇಶವಾಗಿತ್ತು. ಬ್ರಿಟನ್ನಿನಲ್ಲಿ ಅಂಥ ಮಿಶ್ರಣಕ್ಕೆ 1902ರಲ್ಲಿ ಪೇಟೆಂಟ್ ದೊರೆಯಿತು. ನಿವಾಸಿಗಳ ನೆಮ್ಮದಿಗೆಂದು ಬಂದ ಆ ನುಣುಪು ಮೇಲ್ಮೈಯೇ ವಾಹನಗಳ ವೇಗವನ್ನೂ ಹೆಚ್ಚಿಸಿತು.

ವೇಗದಿಂದ ಮನೆಗಳನ್ನು ಕಾಪಾಡುವ ಪ್ರಯತ್ನವೂ ಬೇಗನೆ ಆರಂಭವಾಯಿತು. ಅಮೆರಿಕದ ನ್ಯೂಜೆರ್ಸಿಯ ರ್‍ಯಾಡ್‌ಬರ್ನ್ ಎಂಬಲ್ಲಿ 1929ರ ಹೊತ್ತಿಗೆ ಮನೆಗಳನ್ನು ಉದ್ಯಾನದ ಕಡೆಗೆ ತಿರುಗಿಸಿ, ಕೊನೆ ಮುಚ್ಚಿದ ಕಿರುರಸ್ತೆಗಳನ್ನು ಮಾತ್ರ ಅವುಗಳ ಹಿಂಬದಿಗೆ ತಂದ ಬಡಾವಣೆ ರೂಪುಗೊಂಡಿತು. ಒಳರಸ್ತೆ, ಕೂಡುರಸ್ತೆ, ಮುಖ್ಯರಸ್ತೆ ಎಂಬ ಶ್ರೇಣಿ ಯೋಜನಾಕಾರರ ನಕ್ಷೆಗಳಲ್ಲಿ ಕ್ರಮೇಣ ನೆಲೆಯೂರಿತು. ಹೊಸದಾಗಿ ಕಟ್ಟುವ ಬಡಾವಣೆಗೆ ಇದು ಒಳ್ಳೆಯ ವಿಚಾರವೇ. ಆದರೆ ಈಗಾಗಲೇ ಜನರಿರುವ ಊರಿನ ಮೇಲೆ ಅದೇ ನಕ್ಷೆಯನ್ನು ಹಾಸಿದಾಗ ಯಾವುದೋ ಒಂದು ಬೀದಿ ಮುಖ್ಯರಸ್ತೆಯಾಗಲೇಬೇಕಾಗುತ್ತದೆ, ಆ ಬೀದಿಯಲ್ಲೂ ಮನೆಗಳಿರುತ್ತವೆ. 1956ರಲ್ಲಿ ಅಮೆರಿಕ ಸುಮಾರು 66,000 ಕಿ.ಮೀ. ಹೆದ್ದಾರಿ ಜಾಲಕ್ಕೆ ಮಂಜೂರಾತಿ ನೀಡಿ, ವೆಚ್ಚದ ಶೇ 90ರಷ್ಟನ್ನು ಕೇಂದ್ರವೇ ಭರಿಸುವುದಾಗಿ ಹೇಳಿದ ಮೇಲೆ, ಊರುಗಳ ನಡುವಿನ ವಸತಿ ಪ್ರದೇಶಗಳು ಸಾಲುಸಾಲಾಗಿ ತೆರವಾದವು. 1959ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತವು ಜನರ ಒತ್ತಡಕ್ಕೆ ಮಣಿದು ಹತ್ತರಲ್ಲಿ ಏಳು ಹೆದ್ದಾರಿ ಪ್ರಸ್ತಾವಗಳನ್ನು ಕೈಬಿಟ್ಟಿತು.

ಇಲ್ಲಿಯವರೆಗಿನ ವಾದಗಳೆಲ್ಲ ಮನೆ ಕಳೆದುಕೊಳ್ಳುವವರ ಕುರಿತಾಗಿದ್ದವು. ಮನೆ ಉಳಿದು ಬೀದಿ ಮಾತ್ರ ಬದಲಾದವರ ಪಾಡೇನು ಎಂಬುದನ್ನು ಅಳೆದು ನೋಡಿದವರು ನಗರ ವಿನ್ಯಾಸದ ಪ್ರಾಧ್ಯಾಪಕ ಡೊನಾಲ್ಡ್ ಆಪಲ್‌ಯಾರ್ಡ್. ಈ ಇಡೀ ಇತಿಹಾಸದಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದೇ ಎನ್ನುವುದು ನನ್ನ ಅಭಿಪ್ರಾಯ. 1960ರ ದಶಕದ ಕೊನೆಯಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋದ ಮೂರು ವಸತಿ ಬೀದಿಗಳನ್ನು ಆರಿಸಿಕೊಂಡರು. ಮನೆಗಳ ಸ್ವರೂಪ ಹೆಚ್ಚುಕಡಿಮೆ ಒಂದೇ, ಆದರೆ ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ಸಂಚಾರ ಕಡಿಮೆಯಿದ್ದ ಬೀದಿಯಲ್ಲಿ ಒಬ್ಬೊಬ್ಬರಿಗೂ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರು. ಸಂಚಾರ ದಟ್ಟವಾಗಿದ್ದಲ್ಲಿ ಆ ಸಂಖ್ಯೆ ಒಂದಕ್ಕಿಂತಲೂ ಕೆಳಗಿಳಿದಿತ್ತು.

ಆ ಅಂಕಿಗಳಿಗಿಂತಲೂ ಮನಸ್ಸಿಗೆ ನಾಟುವುದು ಅವರು ಕೇಳಿದ ಇನ್ನೊಂದು ಪ್ರಶ್ನೆ. ‘ನಿಮ್ಮದೆನ್ನುವ ಜಾಗ ಎಲ್ಲಿಂದ ಎಲ್ಲಿಯವರೆಗೆ?’ ಎಂದು ಕೇಳಿ ಉತ್ತರಗಳನ್ನು ನಕ್ಷೆಯ ಮೇಲೆ ಗುರುತಿಸಿದಾಗ, ಶಾಂತವಾದ ಬೀದಿಯವರ ಗೆರೆಯೊಳಗೆ ಎದುರು ಸಾಲಿನ ಮನೆಗಳೂ ಸೇರಿದಂತೆ ಬಹುಮಟ್ಟಿಗೆ ಇಡೀ ಬೀದಿ ಬಂತು; ದಟ್ಟ ಸಂಚಾರದ ಬೀದಿಯವರ ಗೆರೆ ತಮ್ಮ ಕಟ್ಟಡದಲ್ಲಿಯೇ ನಿಂತಿತು. ಅಲ್ಲಿಯವರು ಬದುಕನ್ನು ಮನೆಯ ಹಿಂಭಾಗಕ್ಕೆ ಸರಿಸಿಕೊಂಡಿದ್ದರು, ಮಕ್ಕಳಿರುವ ಕುಟುಂಬಗಳು ಬಹಳ ಕಡಿಮೆಯಿದ್ದವು. ಅಂದರೆ ಒಂದಿಂಚು ಜಾಗವನ್ನೂ ಸ್ವಾಧೀನಪಡಿಸಿಕೊಳ್ಳದೆಯೇ, ಯಾವ ಪರಿಹಾರದ ಕಡತದಲ್ಲೂ ನಮೂದಾಗದೆಯೇ, ಬಡಾವಣೆಯೊಂದು ತನ್ನ ಅರ್ಧ ಬದುಕನ್ನು ಬಿಟ್ಟುಕೊಡಬಹುದು ಎಂಬುದು ಮೊದಲ ಬಾರಿಗೆ ಲೆಕ್ಕಕ್ಕೆ ಸಿಕ್ಕಿತ್ತು. ಆಪಲ್‌ಯಾರ್ಡ್ 1982ರಲ್ಲಿ ಅಥೆನ್ಸ್‌ನಲ್ಲಿ ವೇಗವಾಗಿ ಬಂದ ಕಾರಿಗೆ ಸಿಲುಕಿ ತೀರಿಕೊಂಡರು.

ನೆದರ್ಲೆಂಡ್ಸ್‌ನಲ್ಲಿ ಇದೇ ಕಾಲದ ಚಳವಳಿಗೆ ಕಾರಣವಾದದ್ದು ಮಕ್ಕಳ ಸಾವು. 1971ರಲ್ಲಿ ಆ ಸಣ್ಣ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಂದಿರು ಬೀದಿಗಿಳಿದರು. ಡೆಲ್ಫ್ಟ್ ಪಟ್ಟಣದಲ್ಲಿ ಅದಾಗಲೇ ರಸ್ತೆಯ ನೇರವನ್ನು ಮುರಿದು, ನಡುನಡುವೆ ಗಿಡಗಳನ್ನೂ ಬೆಂಚುಗಳನ್ನೂ ಇಟ್ಟು, ವಾಹನಗಳು ನಡಿಗೆಯ ವೇಗದಲ್ಲಷ್ಟೇ ಸಾಗುವಂತೆ ಮಾಡಿದ ಪ್ರಯೋಗ ನಡೆದಿತ್ತು. 1976ರಲ್ಲಿ ಅದಕ್ಕೆ ಕಾನೂನಿನ ಮಾನ್ಯತೆ ದೊರೆಯಿತು.

ಅಗಲ ಹೆಚ್ಚಿಸಿದರೆ ದಟ್ಟಣೆ ಕರಗುತ್ತದೆ ಎಂಬ ನಂಬಿಕೆಯೂ ಈ ನಡುವೆ ಸಡಿಲಗೊಂಡಿತು. ಹೊಸ ಜಾಗ ಹೊಸ ವಾಹನಗಳನ್ನು ಕರೆತರುತ್ತದೆಂದು ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಬರೆದಿದ್ದರು; 1994ರಲ್ಲಿ ಬ್ರಿಟನ್ ಸರ್ಕಾರದ ಸಲಹಾ ಸಮಿತಿಯೂ ಅದನ್ನು ಒಪ್ಪಿಕೊಂಡಿತು. ದಕ್ಷಿಣ ಕೊರಿಯಾದ ಸೋಲ್ ನಗರ 2003ರಿಂದ 2005ರ ನಡುವೆ ಎತ್ತರಿಸಿದ ಹೆದ್ದಾರಿಯೊಂದನ್ನು ಕೆಡವಿ, ಅದರಡಿ ಹೂತಿದ್ದ ಚೊಂಗ್ಯೆಚೊನ್ ತೊರೆಯನ್ನು ತೆರೆಯಿತು. ಸ್ಪೇನ್ 2021ರಲ್ಲಿ, ಪ್ರತಿ ದಿಕ್ಕಿಗೆ ಒಂದೇ ಪಥವಿರುವ ಪಟ್ಟಣದ ರಸ್ತೆಗಳಿಗೆಲ್ಲ ಗಂಟೆಗೆ 30 ಕಿ.ಮೀ. ಮಿತಿ ವಿಧಿಸಿತು.

ಹೀಗಿದ್ದೂ ಕಾಮಗಾರಿ ನಡೆಯುವ ಬೀದಿಯಲ್ಲಿ ಚರ್ಚೆ ಧೂಳು ಮತ್ತು ಸದ್ದಿನ ಸುತ್ತಲೇ ತಿರುಗುತ್ತದೆ. ಅದು ಸಹಜ, ಕಣ್ಣಿಗೆ ಕಾಣುವುದು ಅದೇ. ಆದರೆ ಧೂಳು ಕಾಮಗಾರಿಯೊಂದಿಗೆ ಮುಗಿಯುತ್ತದೆ. ರಸ್ತೆಯ ಅಗಲ, ತಿರುವಿನ ಅಂಚು, ನೆಲಮಟ್ಟ ಇವು ಮುಂದಿನ ತಲೆಮಾರಿಗೂ ಉಳಿಯುತ್ತವೆ. ತಿರುವಿನ ಮೂಲೆಯನ್ನು ದೊಡ್ಡ ಕಮಾನಿನಂತೆ ದುಂಡಗೆ ಮಾಡಿದರೆ ವಾಹನಗಳು ವೇಗ ತಗ್ಗಿಸದೆ ತಿರುಗುತ್ತವೆ, ನಡೆದು ದಾಟುವವರಿಗೆ ದೂರವೂ ಹೆಚ್ಚುತ್ತದೆ.

ನೆಲಮಟ್ಟದ ವಿಷಯ ಇನ್ನೂ ಸದ್ದಿಲ್ಲದ್ದು. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಕುತ್ತ ಹೋದರೆ, ಪ್ರತಿ ಬಾರಿ ನಾಲ್ಕೈದು ಸೆಂಟಿಮೀಟರ್‌ನಂತೆ, ನಾಲ್ಕನೆಯ ಸಲಕ್ಕೆ ರಸ್ತೆ ಹೆಚ್ಚುಕಡಿಮೆ ಒಂದು ಗೇಣು ಏರಿರುತ್ತದೆ. ಮೂರು ಮೆಟ್ಟಿಲು ಹತ್ತಿ ಸೇರುತ್ತಿದ್ದ ಮನೆಗೆ ಈಗ ಎರಡೇ ಮೆಟ್ಟಿಲು. ಕೆಳಗಿನದು ಡಾಂಬರಿನಡಿ ಸೇರಿಹೋಗಿ ಅದರ ಅಂಚಷ್ಟೇ ಒಂದು ಗೆರೆಯಂತೆ ಕಾಣುತ್ತಿರುತ್ತದೆ, ತಗ್ಗಿನಲ್ಲಿದ್ದ ಮನೆಯ ಹೊಸ್ತಿಲಿಗೆ ಮಳೆನೀರು ಬಂದು ನಿಲ್ಲುತ್ತದೆ. ಇದನ್ನು ತಪ್ಪಿಸಲು ಹಳೆಯ ಪದರವನ್ನು ಕೆರೆದು ತೆಗೆಯಬೇಕೆಂಬ ಒಂದು ಸಾಲು ಕಾಮಗಾರಿಯ ಅಂದಾಜುಪಟ್ಟಿಯಲ್ಲಿದ್ದರೆ ಸಾಕು. ಆ ಸಾಲು ಇದೆಯೇ ಎಂದು ನೋಡಬೇಕಾದದ್ದು, ಇಲ್ಲದಿದ್ದರೆ ಬರೆಸಬೇಕಾದದ್ದು, ಗೋಡೆಯ ಮೇಲೆ ಕೆಂಪು ಸಂಖ್ಯೆ ಬಿದ್ದ ವಾರದಲ್ಲಿ. ರೋಲರ್ ಬಂದು ನಿಂತ ಮೇಲೆ ಮಟ್ಟವನ್ನು ಇಳಿಸುವ ಮಾತು ಬರುವುದಿಲ್ಲ.